ಟೀಕಾ ಹಾಕಿಸಿದ ಮೊಮ್ಮಗಳಿಗೆ ಪೋಚಮ್ಮ ಉಸಿರು ಕೊಟ್ಟಳು

ಅಮ್ಮನನ್ನು ನಂಬಿದವರೇ, ನಾನು ಮಕ್ತಲಿನ ಈರಮ್ಮ. ನಾಲ್ಕು ಅಕ್ಷರ ಕಲಿತದ್ದು ಮಠದಲ್ಲಿ, ಅದೂ ಅರ್ಧ. ಚೆಂದ ಮಾಡಿ ಹೇಳಲು ಬರುವುದಿಲ್ಲ. ಆದದ್ದನ್ನು ಹೇಳುತ್ತೇನೆ.

ಪೊಲೀಸ್ ಆಕ್ಷನ್ ಮುಗಿದ ಮರುವರ್ಷದ ಬೇಸಿಗೆ. ಗಲಾಟೆಗೆ ಹೆದರಿ ಹೊಳೆಯಾಚೆ ಓಡಿಹೋಗಿದ್ದ ಜನ ಊರಿಗೆ ಮರಳಿದ್ದರು. ಅದೇ ಬೇಸಿಗೆ ನಮ್ಮ ಓಣಿಗೆ ಸಿಡುಬು ಬಂತು. ಮೂಲೆಮನೆಯ ಹುಡುಗಿ ಸತ್ತಳು. ನನ್ನ ಮೊಮ್ಮಗಳು ನಾಗಿಗೆ ಹುಟ್ಟಿನಿಂದ ದಮ್ಮು. ಉಬ್ಬಸ ಬಂದರೆ ಕತ್ತಿನ ನರ ಎದ್ದು ತುಟಿ ನೀಲಿಯಾಗುತ್ತಿತ್ತು.

ಚಾವಡಿಗೆ ಸಿಡುಬು ತಡೆಯುವ ಟೀಕಾ ಹಾಕುವವರು ಬಂದಾಗ ಸೊಸೆ ಶರಣಮ್ಮ ಬಾಗಿಲಿಗೆ ಅಡ್ಡ ನಿಂತಳು.

“ದಮ್ಮಿನ ಕೂಸಿಗೆ ಸೂಜಿ ಚುಚ್ಚಿಸಿದ್ರ ಉಳಿತೈತೇನ್ರಿ ಅತ್ತೀ?”

“ಸಿಡುಬು ಬಂದ್ರ ಉಳಿತೈತೇನು?” ಎಂದೆ.

ಟೀಕಾದವನಿಂದ ದಮ್ಮಿನ ಮಾತು ಮುಚ್ಚಿಡಲಿಲ್ಲ. ಅವನು ಎದೆಗೆ ಕಿವಿ ಇಟ್ಟು ಕೇಳಿ, “ಈಗ ಎದಿ ಸಾಫ್ ಐತಿ, ಹಾಕ್ತೀನಿ. ಜ್ವರ ಬರ್ತೈತಿ, ರಟ್ಟಿಗೆ ಬಾವು ಬರ್ತೈತಿ. ಅಂಜಬ್ಯಾಡ್ರಿ” ಎಂದ.

ಅಂಜಬಾರದಂತೆ! ರಟ್ಟೆಯಲ್ಲಿ ಗುಳ್ಳೆ ಎದ್ದು ಜ್ವರ ಏರಿದ್ದೇ ತಡ, ನೆರೆಯ ಹೆಂಗಸರು “ಅಮ್ಮ ಬಂದಾಳ” ಎಂದರು. ಅಮ್ಮ ಬಂದ ಮನೆಯಲ್ಲಿ ನಮ್ಮ ಕಡೆ ಮಾಡುವುದನ್ನೆಲ್ಲ ಮಾಡಿದೆವು. ಬಾಗಿಲಿಗೆ ಬೇವು ಕಟ್ಟಿದೆವು, ಒಗ್ಗರಣೆ ನಿಲ್ಲಿಸಿದೆವು, ಕಿಟಕಿ ಮುಚ್ಚಿ ಕೂಸಿನ ತಲೆಯ ಹತ್ತಿರವೇ ಬೇವು, ಲೋಬಾನದ ಹೊಗೆ ಹಾಕಿದೆವು. ಕೆಂಡ ಆರಗೊಡಲಿಲ್ಲ.

ನಾಗಿಯ ಉಸಿರು ಕಟ್ಟಿತು. ಪಕ್ಕೆಲುಬು ಒಳಗೆ ಹೋಗಿ ಬರುತ್ತಿದ್ದವು. ಮಾತಿಲ್ಲ, ಬರೀ ನನ್ನ ಮುಖ ನೋಡುತ್ತಿದ್ದಳು. ಡಾಕ್ಟರನ್ನು ಕರೆತರಲು ಮಗ ನಾರಾಯಣಪೇಟೆ ದವಾಖಾನೆಗೆ ಹೋಗಿದ್ದ. ಬಸ್ಸು ಬಂತು, ಅವನು ಬರಲಿಲ್ಲ.

“ನಿಮ್ಮ ಹಟ ಗೆದ್ದಿತಲ್ರಿ” ಎಂದಳು ಸೊಸೆ.

ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ನೆರೆಮನೆಯ ಬಸಮ್ಮ ಅಡ್ಡ ಬಂದಳು.

“ಅಮ್ಮ ಮನ್ಯಾಗ ಕುಂತಾಗ ಕೂಸನ್ನ ಹೊಸ್ತಿಲ ದಾಟಸ್ತಾರೇನಬೇ ಈರಮ್ಮ?”

“ಅಮ್ಮ ತನ್ನ ಗುಡಿಗೆ ಹೋಗಾಕ ನಿನ್ನ ಹುಕುಂ ಬೇಕೇನು? ಸರಿ ಆಚೆ.”

ಕೆರೆ ಏರಿಯ ಮೇಲೆ ಸಿಡುಬಿನ ತಾಯಿ ಪೋಚಮ್ಮನ ಗುಡಿ. ಗುಡಿ ಅಂದರೆ ಬೇವಿನ ಮರದ ಕೆಳಗೆ ಮೂರು ಕಲ್ಲು. ಹೆಗಲ ಮೇಲಿನ ಸೀಟಿಯಂಥ ಉಸಿರು ಎಲ್ಲಿ ನಿಂತೀತೋ ಎಂದು ದಾರಿಯುದ್ದ ಕಿವಿಗೊಟ್ಟೇ ನಡೆದೆ. ಕೂಸನ್ನು ಅಮ್ಮನ ಮುಂದೆ ಕೂಡಿಸಿ, “ತಗೊಳ್ಳೋದಾದ್ರ ನನ್ನ ಕಣ್ಣ ಮುಂದ ತಗೋ. ಕೊಡೋದಾದ್ರ ಈಗ ಕೊಡು” ಎಂದೆ. ಇದಕ್ಕಿಂತ ಒಳ್ಳೆಯ ಪ್ರಾರ್ಥನೆ ನನಗೆ ಬರಲಿಲ್ಲ.

ಕೆರೆಯ ಗಾಳಿ ಬೀಸುತ್ತಿತ್ತು. ಬಿಸಿಲು ಇಳಿಯುವಷ್ಟರಲ್ಲಿ ಸೀಟಿ ಸಣ್ಣದಾಯಿತು. “ಆಯೀ, ನೀರು” ಎಂದಳು ನಾಗಿ. ಕಲ್ಲಿಗೆ ಹಣೆ ಹಚ್ಚಿ ಅತ್ತೆ.

ಮನೆಗೆ ಮರಳಿ ಹೊಸ್ತಿಲು ತುಳಿದೆವೋ ಇಲ್ಲವೋ, ಹೊಗೆ ಮುಖಕ್ಕೆ ಬಡಿದು ಕೂಸಿಗೆ ಮತ್ತೆ ಕೆಮ್ಮು, ಮತ್ತೆ ಏದುಸಿರು. ಆಗ ತಿಳಿಯಿತು. ಕೆಂಡದ ಮೇಲೆ ಕೊಡ ನೀರು ಸುರಿದೆ. ಬಸಮ್ಮ ಕಿರುಚಿದಳು. ಕಿರುಚಲಿ. ಅಂಗಳದಲ್ಲೇ ಹಾಸಿ ಮಲಗಿಸಿದೆ. ಮರುದಿನ ಮಗನ ಜೊತೆ ಬಂದ ಡಾಕ್ಟರ್ ಎದೆ ನೋಡಿ, ಜ್ವರ ಟೀಕಾದ್ದು, ಉಬ್ಬಸ ಹೊಗೆಯದ್ದು ಎಂದರು. ಜ್ವರ ತಾನಾಗಿ ಇಳಿಯಿತು. ಎದುರುಮನೆಗೂ ಸಿಡುಬು ಹೊಕ್ಕಿತು, ನಾಗಿಯನ್ನು ಮುಟ್ಟಲಿಲ್ಲ.

ಡಾಕ್ಟರ್ ಹೇಳಿದ್ದು ಖರೆ. ಆದರೆ ನನ್ನನ್ನು ಆ ಮನೆಯಿಂದ ಹೊರಗೆ ಕರೆದವರು ಯಾರು? ಡಾಕ್ಟರ್ ಆಗ ನಾರಾಯಣಪೇಟೆಯಲ್ಲಿದ್ದರು. ಅಮ್ಮ ಕರೆದಳು, ನಾನು ಹೋದೆ. ಇವತ್ತಿಗೂ ಮಂಗಳವಾರ ಅವಳಿಗೆ ಮೊಸರನ್ನ ಇಟ್ಟು ಕಾಯಿ ಒಡೆಯುತ್ತೇನೆ. ಹೊಗೆ ಮಾತ್ರ ಹಾಕುವುದಿಲ್ಲ. ಅವಳು ಒಂದು ದಿನವೂ ಸಿಟ್ಟಾಗಿಲ್ಲ.