ಕುರಿ ತರುಬಿದ ಹೊಲದಲ್ಲಿ ತಪ್ಪಿದ ಗೆರೆ

ನನ್ನ ಸಿಟ್ಟಿನ ಬಗ್ಗೆ ಮನೆಯಲ್ಲೊಂದು ಮಾತಿದೆ: ಒಲೆಯ ಮೇಲಿನ ಹಾಲಿಗಿಂತ ಮೊದಲು ಇವಳೇ ಉಕ್ಕುತ್ತಾಳೆ ಅಂತ. ಐವತ್ತು ದಾಟಿದ ಮೇಲೂ ಆ ಮಾತು ಸುಳ್ಳಾಗಿಲ್ಲ. ಗುಮ್ಮಘಟ್ಟದ ದಾರಿಯ ಹೊಲವೊಂದರಲ್ಲಿ ಒಂದು ಸಂಜೆ ನಾನು ಹೇಗೆ ಉಕ್ಕಿದೆ ಎಂಬುದನ್ನು ಬರೆಯದಿದ್ದರೆ ಯಾರೂ ಕೇಳುವವರಿಲ್ಲ. ಆದರೂ ಬರೆಯಬೇಕು.

ರಾಯದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು ನನ್ನ ಕೆಲಸ, ಆಕಾಶ ನೋಡುವುದು ನನ್ನ ಹುಚ್ಚು. ಆಗ ಒಂದು ಕ್ಷುದ್ರಗ್ರಹಕ್ಕೆ ನೌಕೆಯೊಂದು ಹೊರಡುವುದಿತ್ತು. ಅದು ತಲುಪುವ ಮೊದಲೇ ಆ ಕಲ್ಲಿನ ಮೈ ಹೇಗಿದೆ, ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಷ್ಟು ಕಪ್ಪು ಎಂದು ನೆಲದಿಂದಲೇ ತಿಳಿಯಬೇಕು. ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಅದು ಬರೀ ಚುಕ್ಕೆ. ಆದರೆ ಅದು ಒಂದು ನಕ್ಷತ್ರದ ಮುಂದೆ ಹಾದುಹೋದಾಗ ನಕ್ಷತ್ರ ಮರೆಯಾಗುತ್ತದೆ, ಕಲ್ಲಿನ ನೆರಳು ನಮ್ಮ ನೆಲದ ಮೇಲೆ ಓಡುತ್ತದೆ. ಆ ದಾರಿಗೆ ಅಡ್ಡಲಾಗಿ ಹನ್ನೆರಡು ಜನ ಕೂತು, ಯಾರಿಗೆ ಎಷ್ಟು ಹೊತ್ತು ನಕ್ಷತ್ರ ಮರೆಯಾಯಿತು ಎಂದು ಕ್ಯಾಮೆರಾದಲ್ಲಿ ಹಿಡಿದರೆ ಒಬ್ಬೊಬ್ಬರಿಂದ ಒಂದೊಂದು ಗೆರೆ ಸಿಗುತ್ತದೆ. ಗೆರೆಗಳನ್ನು ಜೋಡಿಸಿದರೆ ಕಲ್ಲಿನ ಅಂಚು ಮೂಡುತ್ತದೆ. ಅಗಲ ತಿಳಿದರೆ, ಅದು ಎಷ್ಟು ಬೆಳಗುತ್ತದೆ ಎಂಬುದರಿಂದ ಮೈ ಎಷ್ಟು ಕಪ್ಪೆಂಬುದನ್ನೂ ಹೇಳಬಹುದು.

ಕಲ್ಲು ನಮ್ಮ ಊರಿನಷ್ಟೇ ಅಗಲ. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ ಅರ್ಧ ಕಿಲೋಮೀಟರಿಗೊಬ್ಬರು. ನೆರಳು ಪಶ್ಚಿಮದಿಂದ ಪೂರ್ವಕ್ಕೆ ಓಡುವುದರಿಂದ ಆ ದಿಕ್ಕಿನಲ್ಲಿ ಎಷ್ಟು ಸರಿದು ಕೂತರೂ ಗೆರೆ ಅದೇ. ಉತ್ತರ ದಕ್ಷಿಣಕ್ಕೆ ಮಾತ್ರ ಕದಲಬಾರದು. ನೌಕೆ ಹೊರಡುವ ಮೊದಲು ಇಂಥ ನೆರಳು ಮತ್ತೆ ಬೀಳುವುದಿರಲಿಲ್ಲ.

ಏಳನೆಯ ಗೆರೆ ನನ್ನದು. ಅದು ನನ್ನ ಸೋದರಮಾವನ ಹೊಲದ ಮೇಲೆ ಹಾದಿತ್ತು. ಎಂಟನೆಯದು ನನ್ನ ಗೆಳತಿಯದು. ಅವಳು ಮಡಕಶಿರಾ ಕಡೆಯವಳು, ಹೈಸ್ಕೂಲು ಟೀಚರು. ಬೆಳಿಗ್ಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ದೂರದರ್ಶಕ ಕಟ್ಟಿಕೊಂಡು ಬಂದು, ನನ್ನಿಂದ ಎರಡು ಮೈಲಿ ಪಶ್ಚಿಮಕ್ಕೆ ಇನ್ನೊಂದು ಹಳ್ಳಿಯಲ್ಲಿ ಕೂತಿದ್ದಳು.

ನಕ್ಷತ್ರ ಮರೆಯಾಗುವುದು ಏಳೂ ನಲವತ್ತರ ಸುಮಾರಿಗೆ, ಅದೂ ಅರ್ಧ ಸೆಕೆಂಡು. ಆರೂಕಾಲಿಗೆಲ್ಲ ನಾನು ದೂರದರ್ಶಕ ನಿಲ್ಲಿಸಿ, ಸ್ಟೂಲು ಹಾಕಿ, ಎರಡೆರಡು ಸಲ ಪರೀಕ್ಷಿಸಿ ಮುಗಿಸಿದ್ದೆ. ಆರೂವರೆಗೆ ಬದುವಿನಾಚೆ ಧೂಳೆದ್ದಿತು. ಮುನ್ನೂರಕ್ಕೆ ಕಡಿಮೆಯಿಲ್ಲದ ಕುರಿಗಳು ಹೊಲಕ್ಕಿಳಿದವು. ಹಿಂದೆ, ಮಂದೆಯ ಸುತ್ತ ಕಟ್ಟುವ ಬಲೆಯ ಹೊರೆ ಹೊತ್ತ ಮುದುಕ ಕುರುಬ.

ಮಾವನಿಗೆ ಫೋನು ಹಚ್ಚಿದೆ. ಬೆಳೆ ಕಿತ್ತ ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ತರುಬುವುದು, ಎಂದರೆ ಮಂದೆಯನ್ನು ಒಂದು ರಾತ್ರಿ ಹೊಲದಲ್ಲೇ ಮಲಗಿಸುವುದು, ನಮ್ಮಲ್ಲಿ ವಾಡಿಕೆ. ಮಾವ ಅದೇ ಸಂಜೆಗೆ ಕುರುಬನಿಗೂ ಮಾತು ಕೊಟ್ಟಿದ್ದರು, ನನಗೂ ಕೊಟ್ಟಿದ್ದರು.

“ಎರಡೂ ಒಂದ ದಿನ ಕೂಡಿದ್ವಲ್ಲವ್ವ,” ಎಂದರು. “ಹೊಲಕ್ಕ ಕಾಲಿಟ್ಟ ಕುರೀನ ಹೊಳ್ಳಿ ಕಳಸಬಾರ್ದು. ಲಕ್ಷ್ಮೀನ ಹೊರಗ ಹಾಕಿದಂಗ. ಹೆಂಗಾರ ಹೊಂದಿಕೊಂಡು ಮಾಡ್ರಿ.”

ದೂರದರ್ಶಕದ ಕನ್ನಡಿಯ ಮೇಲೆ ಬಟ್ಟೆ ಮುಚ್ಚಿದೆ. ಧೂಳು ಪಡುವಣದ ಕೆಂಪಿನಲ್ಲಿ ಹಾಗೇ ತೇಲುತ್ತಿತ್ತು. ಮುದುಕ ಹತ್ತಿರ ಬಂದ.

“ಅಮ್ಮಾರ, ನಿಮ್ಮ ಕೊಳವಿ ಇಟ್ಟ ಜಾಗಕ್ಕ ಒಂದು ಕುರೀನೂ ಬರಂಗಿಲ್ರಿ, ನಾನು ನೋಡ್ಕೊಂತೀನಿ. ಕುರಿ ಮಲಗಿದ್ವಂದ್ರ ಧೂಳು ತಾನ ಇಳೀತೈತಿ. ಅರ್ಧ ತಾಸು ತಡೀರಿ.”

“ಇಳೀಲಿಲ್ಲಂದ್ರ? ಇನ್ನೊಂದು ನೆರಳು ನೀವು ತರಸ್ತೀರೇನು?”

“ಇಳೀತೈತ್ರಿ. ದಿನಾ ನೋಡ್ತೀನಲ್ಲ.”

“ನೀವು ದಿನಾ ನೋಡೋದು ಕುರೀನ, ತಾತ. ಆಕಾಶ ಅಲ್ಲ.”

ಆ ಮಾತು ಬಾಯಿಂದ ಬಿದ್ದ ಕೂಡಲೇ ನಾಚಿಕೆಯಾಯಿತು. ಆದರೆ ನನ್ನ ಸಿಟ್ಟಿಗೆ ಹಿಂದೆ ನಡೆಯುವ ಕಾಲಿಲ್ಲ. ದೂರದರ್ಶಕ ಬಿಚ್ಚಿ ಕಾರಿಗೆ ತುಂಬಿದೆ. ಅವನು ಬಲೆಯ ಗೂಟ ನೆಡತೊಡಗಿದ.

ಪೂರ್ವಕ್ಕೆ ಸರಿದರೆ ಗೆರೆ ಕೆಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಬಂಡಿದಾರಿ ಪೂರ್ವಕ್ಕೇ ಹೊರಟಿತ್ತು. ಅದನ್ನೇ ಹಿಡಿದೆ. ಮುಂದೆ ದಾರಿ ಹುಣಸೆಮರಗಳ ಬಳಿ ನಿಧಾನವಾಗಿ ದಕ್ಷಿಣಕ್ಕೆ ತಿರುಗಿದ್ದು ಗಮನಕ್ಕೆ ಬರಲಿಲ್ಲ. ಫೋನು ಪಕ್ಕದ ಸೀಟಿನಲ್ಲೇ ಇತ್ತು, ನಕಾಶೆ ತೆರೆಯಲು ಎರಡು ಸೆಕೆಂಡು ಸಾಕಿತ್ತು. ತೆರೆಯಲಿಲ್ಲ. ಮುದುಕನಿಗೆ ಇನ್ನೇನು ಹೇಳಬೇಕಿತ್ತು ಎಂದು ತಲೆಯೊಳಗೇ ಜಗಳವಾಡುತ್ತ ಓಡಿಸಿದೆ. ಹಾಸುಬಂಡೆಯೊಂದು ಸಿಕ್ಕಿತು. ಧೂಳಿಲ್ಲ, ದೀಪವಿಲ್ಲ.

ಏಳೂ ಇಪ್ಪತ್ತಾದರೂ ನಕ್ಷತ್ರ ಸಿಗಲಿಲ್ಲ. ತಿರುಪು ತಿರುಗಿಸುವ ಬೆರಳುಗಳು ಬೆವರಿನಲ್ಲಿ ಜಾರುತ್ತಿದ್ದವು. ಸ್ಟೂಲು ಹೊಲದಲ್ಲೇ ಬಿಟ್ಟು ಬಂದಿದ್ದೆ, ಮೊಣಕಾಲೂರಿ ಕೂತಿದ್ದೆ. ಏಳೂ ಮೂವತ್ತೈದಕ್ಕೆ ಪರದೆಯ ಮೂಲೆಯಲ್ಲಿ ನನ್ನ ನಕ್ಷತ್ರ ಬಂತು. ನಡುವಿಗೆ ತಂದೆ, ಕ್ಯಾಮೆರಾ ಓಡಿಸಿದೆ. ಉಸಿರು ತಗುಲಿ ಅಲುಗಾಡೀತೆಂದು ಸೆರಗು ಬಾಯಿಗೆ ಒತ್ತಿ ಹಿಡಿದೆ.

ನಕ್ಷತ್ರ ಹೋಯಿತು. ಬಂತು.

ಒಂದು ನಿಮಿಷ ಬಂಡೆಯ ಮೇಲೆ ಹಾಗೇ ಕೂತು ಅತ್ತೆ, ಸಂತೋಷಕ್ಕೆ. ಆಮೇಲೆ ದಾಖಲೆಗೆ ಜಾಗದ ಅಂಕಿ ಬರೆಯಬೇಕಲ್ಲ, ಅಕ್ಷಾಂಶ ನೋಡಿದೆ. ಅದು ನನ್ನದಾಗಿರಲಿಲ್ಲ. ಎಲ್ಲೋ ಕಂಡ ಅಂಕಿ ಅನ್ನಿಸಿತು. ಗೆಳತಿಗೆ ಫೋನು ಮಾಡಿದೆ.

“ನಂಗೂ ಸಿಕ್ತು ಕಣಕ್ಕ,” ಎಂದಳು. “ಹೆಂಗೋಯ್ತು ಹೆಂಗ್ಬಂತು ಗೊತ್ತೇ ಆಗ್ಲಿಲ್ಲ. ನಿಂದು?”

ನಾನು ಅಕ್ಷಾಂಶ ಓದಿದೆ. ಆ ಕಡೆ ಕಾಗದ ತಿರುವುವ ಸದ್ದು.

“ಅಕ್ಕ, ಅದು ನಂದಲ್ವಾ?”

ಎಂಟನೆಯ ಗೆರೆಯ ಮೇಲೆ ನಾವಿಬ್ಬರೂ ಕೂತಿದ್ದೆವು. ಏಳರಲ್ಲಿ ಯಾರೂ ಇರಲಿಲ್ಲ.

ಸ್ಟೂಲು ತರಲು ಹೊಲಕ್ಕೆ ಹಿಂದಿರುಗಿದೆ. ಬಲೆಯೊಳಗೆ ಕುರಿಗಳು ಒತ್ತೊತ್ತಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ಆಕಾಶ ತೊಳೆದಿಟ್ಟಂತಿತ್ತು. ನಡುವೆ ಜಾಲಿಮುಳ್ಳಿನ ಕೊಂಬೆ ಸುತ್ತಲೂ ಇಟ್ಟು ಮುದುಕ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದ. ಅದರ ನಟ್ಟನಡುವೆ ನನ್ನ ಸ್ಟೂಲು.

“ಬರ್ತೀರೇನೋ ಅಂತ ಕಾದೆ ಅಮ್ಮಾರ,” ಎಂದ. “ಏಳು ಹೊಡಿಯೋದ್ರಾಗ ಧೂಳು ಇಳಿದಿತ್ತು. ನಿಮ್ಮ ಕೆಲಸ ಆತೇನ್ರಿ?”

ಕೆಲಸ ಆಯಿತು ಎಂದೆ. ಅಷ್ಟು ಸುಳ್ಳಿಗೆ ಮಾತ್ರ ಧೈರ್ಯವಿತ್ತು. ತಪ್ಪಾಯಿತು ತಾತ ಅನ್ನುವುದಕ್ಕೆ ಇರಲಿಲ್ಲ.

ತಂಡದವರಿಗೆ ನಡೆದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೆಲವು ವಾರಗಳ ಮೇಲೆ ಕಲ್ಲಿನ ಚಿತ್ರ ಬಂತು. ಹನ್ನೊಂದು ಗೆರೆಗಳು. ಆರನೆಯದು ಉದ್ದ, ಎಂಟನೆಯದು ಅದಕ್ಕಿಂತ ಬಹಳ ಗಿಡ್ಡ. ನಡುವೆ ದೊಡ್ಡ ಗುಂಡಿಯೋ ಬರೀ ಇಳಿಜಾರೋ ಏನೋ ಇದೆ, ಏನೆಂದು ಹೇಳಲು ಏಳನೆಯ ಗೆರೆ ಬೇಕು. ಅಲ್ಲಿ ಅಂಚನ್ನು ಚುಕ್ಕೆ ಚುಕ್ಕೆಯಾಗಿ ಎಳೆದಿದ್ದರು. ನೌಕೆ ಈಗ ದಾರಿಯಲ್ಲಿದೆ. ಆ ಚುಕ್ಕೆಗಳ ಜಾಗ ಬಿಟ್ಟು ದೂರದಿಂದ ಹಾದುಹೋಗುವಂತೆ ಅದಕ್ಕೆ ಹೇಳಿದ್ದಾರಂತೆ.

ಮಳೆ ಬಿದ್ದ ಮೇಲೆ ಮಾವ ಆ ಹೊಲಕ್ಕೆ ಶೇಂಗಾ ಹಾಕಿದರು. ಒಂದು ಭಾನುವಾರ ಹೋದಾಗ ನನ್ನನ್ನು ಬದುವಿನ ಮೇಲೆ ನಿಲ್ಲಿಸಿ ಕೈ ತೋರಿಸಿದರು. ಹೊಲ ತುಂಬ ಕಡುಹಸಿರು. ನಡುವೆ ಒಂದು ಕಡೆ ಮಾತ್ರ ಗಿಡಗಳು ಕುಳ್ಳಗೆ, ಹಳದಿಯಾಗಿ ನಿಂತಿದ್ದವು.

“ಕುರಿ ತರುಬಿದ ಹೊಲದಾಗ ಅದೊಂದು ಯಾಕ ಹಂಗ ಬಿತ್ತು, ತಿಳೀವಲ್ದು,” ಎಂದರು.

ನಾನು ಇಳಿದು ಅಲ್ಲಿಗೆ ಹೋಗಿ ನಿಂತೆ. ಅಗಲ ನಾಲ್ಕೈದು ಹೆಜ್ಜೆ. ಒಂದು ದೂರದರ್ಶಕ, ಒಂದು ಸ್ಟೂಲು, ಒಬ್ಬ ಹೆಂಗಸು ಹಿಡಿಸುವಷ್ಟು ಜಾಗ.