ಅರ್ಜಿಯ ಎರಡನೆಯ ಸಾಲು

ನಮ್ಮ ಮತಕ್ಷೇತ್ರ ಇನ್ನು ಹೆಚ್ಚು ದಿನ ಇರುವುದಿಲ್ಲ. ಬರುವ ಚುನಾವಣೆಯ ಹೊತ್ತಿಗೆ ಗಡಿಗಳನ್ನು ಹೊಸದಾಗಿ ಎಳೆಯುತ್ತಾರೆ, ವಯಸ್ಸಿಗೆ ಬಂದ ಎಲ್ಲರಿಗೂ ಮತ ಬರುತ್ತದೆ ಎಂದು ಪತ್ರಿಕೆಯಲ್ಲಿ ಓದುತ್ತಿದ್ದೇನೆ. ಅದಕ್ಕೇ ಇರಬೇಕು, ತಾಲೂಕಿನ ವಾಚನಾಲಯದವರು ಹಳೆಯ ಕ್ಷೇತ್ರದ ಚರಿತ್ರೆಯನ್ನು ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಲು ಹೊರಟಿದ್ದಾರೆ. ಅವರ ಕಾರ್ಯದರ್ಶಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, "ನೀವು ಬಿ.ಎ. ಆದವರು. ಪ್ರತಿನಿಧಿಗಳ ವಿಚಾರ ನೀವ ಬರದ ಕೊಡ್ರಿ" ಎಂದರು. ನಾನು ಒಪ್ಪಿದೆ. ಒಪ್ಪಬಾರದಿತ್ತು.

ಒಂದು ತಿಂಗಳಲ್ಲಿ ನನ್ನ ಕೈಗೆ ಬಂದದ್ದು ಮೂವರ ವಿವರ. ಮೊದಲನೆಯವರು ದೊಡ್ಡ ಜಮೀನುದಾರರು. ಕಂದಾಯ ಹೆಚ್ಚು ಕಟ್ಟುವವರಿಗೆ ಮಾತ್ರ ಮತವಿದ್ದ ಕಾಲದಲ್ಲಿ ಮುಂಬಯಿಯ ಸಭೆಗೆ ಹೋದವರು. ಎರಡನೆಯವರು ವಕೀಲರು, ಮೂವತ್ತೇಳರಲ್ಲಿ ಆರಿಸಿ ಬಂದು, ಯುದ್ಧ ಶುರುವಾದ ವರ್ಷ ಪಕ್ಷದವರೆಲ್ಲರೊಡನೆ ಸಭೆಯಿಂದ ಹೊರಗೆ ಬಂದು, ಆಮೇಲೆ ಜೈಲಿಗೆ ಹೋದವರು. ನಲವತ್ತಾರರಲ್ಲಿ ಮತ್ತೆ ನಿಂತರು, ಆದರೆ ಗೆದ್ದವರು ಬೇರೆ. ಅವರೇ ಮೂರನೆಯವರು, ಈಗಲೂ ಇದ್ದಾರೆ. ಹುಟ್ಟಿದ ಊರು, ಕಲಿತ ಶಾಲೆ, ಹಾಕಿಸಿಕೊಂಡ ಹಾರ. ಮೂರು ಪುಟಗಳನ್ನೂ ಬರೆದು ಓದಿ ನೋಡಿದರೆ ಒಬ್ಬರೇ ಮನುಷ್ಯ ಮೂರು ಸಲ ಬದುಕಿದಂತೆ ಕಾಣುತ್ತದೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ, ಈ ಕಡೆ ಶಿಗ್ಗಾಂವಿಯವರೆಗೆ ಹರಡಿದ್ದ ಕ್ಷೇತ್ರದಲ್ಲಿ ಇವರನ್ನು ಆರಿಸಿದವರು ಯಾರು, ಆರಿಸಬೇಕೆಂದು ಬಯಸಿ ಆರಿಸಲಾಗದವರು ಯಾರು ಎಂಬುದು ಯಾವ ಕಾಗದದಲ್ಲಿಯೂ ಇಲ್ಲ. ಎರಡನೆಯ ಗುಂಪಿನಲ್ಲಿ ಒಬ್ಬಳನ್ನು ನಾನು ಬಲ್ಲೆ. ಅವಳು ನನ್ನ ಅವ್ವ. ಅವಳ ಹೆಸರು ಪಟ್ಟಿಗೆ ಬರದೆ ಹೋದದ್ದು ನನ್ನಿಂದ.

ನಮ್ಮ ಊರು ಅಕ್ಕಿಆಲೂರಿನಿಂದ ತಿಳವಳ್ಳಿಗೆ ಹೋಗುವ ದಾರಿಯ ಬದಿಗಿದೆ. ಅಪ್ಪನಿಗೆ ಭತ್ತದ ಗದ್ದೆ, ಜೊತೆಗೆ ಅಕ್ಕಿಯ ವ್ಯಾಪಾರ. ಮೂವತ್ತೇಳರ ಚುನಾವಣೆಗೆ ಮುಂಚೆ ಪಟ್ಟಿ ಬರೆಯುವವನು ಮನೆಗೆ ಬಂದಾಗ ನಾನು ಹನ್ನೆರಡು ವರ್ಷದವಳು. ಕಂದಾಯ ಕಟ್ಟುವವರ ಹೆಂಡಂದಿರೂ ಕೇಳಿಕೊಂಡರೆ ಮತದಾರರಾಗಬಹುದು ಎಂದು ಆತ ಹೇಳಿದ. ಅವ್ವ ಒಳಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾರ ಹೆಸರೇನ್ರಿ?" ಎಂದು ಆತ ಕೇಳಿದ.

ಅವ್ವ ಬಾಯಿ ತೆರೆಯುವ ಮೊದಲೇ ಅಜ್ಜಿ, "ಆಕೀ ಹೆಸರ ಕಟಗೊಂಡು ಏನ ಮಾಡ್ತೀಯೋ? ನನ್ನ ಮಗನ ಹೇಣ್ತಿ ಅಂತ ಬರ್ಕೊ. ಊರಿಗೆಲ್ಲಾ ಗೊತ್ತೈತಿ" ಎಂದಳು.

ಆತ ಹಾಗೆಯೇ ಬರೆದುಕೊಂಡ. ಹೆಸರಿಲ್ಲದ ನಮೂದುಗಳನ್ನೆಲ್ಲ ಮೇಲಿನವರು ಹೊಡೆದು ಹಾಕಿದರೆಂದು ಆಮೇಲೆ ತಿಳಿಯಿತು.

ಆ ಚುನಾವಣೆಯಲ್ಲಿ ವಕೀಲರು ಪ್ರಚಾರಕ್ಕೆ ಬಂದವರು ನಮ್ಮ ಪಡಸಾಲೆಯಲ್ಲಿ ಊಟ ಮಾಡಿದರು. ಅವ್ವ ಹೋಳಿಗೆ ಮಾಡಿದ್ದಳು. ನಾಲ್ಕನೆಯ ಹೋಳಿಗೆ ಬಡಿಸುವಾಗ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಅಪ್ಪನಿಗೆ ಹೇಳುವಂತೆ ಗೋಡೆಯ ಕಡೆ ನೋಡಿ, "ಊರಾಗ ಹೆಣ್ಣಹುಡುಗ್ಯಾರಿಗೆ ಒಂದ ಸಾಲಿ ಬೇಕಾಗಿತ್ತು" ಎಂದಳು. ವಕೀಲರು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿಟ್ಟು, "ಆತು ತಾಯೀ, ಅದ ನನ್ನ ಮೊದಲನೇ ಕೆಲಸ" ಎಂದರು. ಆ ತುತ್ತನ್ನು ಕೆಳಗಿಟ್ಟು ಮಾತು ಕೊಟ್ಟದ್ದನ್ನು ಅವ್ವ ಎಂದೂ ಮರೆಯಲಿಲ್ಲ. ಶಾಲೆ ಬರಲಿಲ್ಲ. ನನ್ನನ್ನು ಧಾರವಾಡದ ಸೋದರಮಾವನ ಮನೆಯಲ್ಲಿಟ್ಟು ಓದಿಸಿದರು. ನನ್ನ ಓರಗೆಯ ಹುಡುಗಿಯರು ಊರಲ್ಲೇ ಉಳಿದು ಭತ್ತ ಕೇರುವುದನ್ನು ಕಲಿತರು.

ನಾನು ರಜೆಗೆ ಬಂದಾಗಲೆಲ್ಲ ಅವ್ವ ನನ್ನ ಹಳೆಯ ಕಾಪಿ ಪುಸ್ತಕಗಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದಳು. ಆಮೇಲೆ ಅಕ್ಕಿ ಚೀಲಗಳ ಮೇಲೆ ಮಸಿಯಿಂದ ಗುರುತು ಬರೆಯುವ ಕೆಲಸ ತಾನೇ ವಹಿಸಿಕೊಂಡಳು. ಅವಳ ಅಕ್ಷರ ದೊಡ್ಡವು, ದುಂಡನೆಯವು, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಅಕ್ಕಿಆಲೂರಿನ ಗಿರಣಿಯ ಹಮಾಲರು ದೂರದಿಂದಲೇ ನಮ್ಮ ಚೀಲಗಳನ್ನು ಗುರುತಿಸುತ್ತಿದ್ದರಂತೆ.

ನಲವತ್ತೈದರಲ್ಲಿ, ನಾನು ಪದವಿ ಮುಗಿಸಿ ಊರಿಗೆ ಮರಳಿದ ವರ್ಷ, ಪಟ್ಟಿಗಳನ್ನು ಮತ್ತೆ ಬರೆಯತೊಡಗಿದರು. ವಕೀಲರು ಜೈಲಿನಿಂದ ಬಂದಿದ್ದರು.

"ಜೈಲಿಗೆ ಹೋಗಿ ಬಂದಾರ, ದೊಡ್ಡವರ ಖರೆ" ಎಂದಳು ಅವ್ವ. "ಆದ್ರ ಸಾಲೀ ಮಾತ ಅಲ್ಲೇ ಬಿಟ್ಟ ಬಂದ್ರೇನು? ನಾ ಕೇಳಬೇಕು. ಓಟಿನ ಚೀಟಿ ಇಲ್ದಾಕಿ ಕೇಳಿದ್ರ ಹೋಳಿಗಿ ಚಲೋ ಆಗೇತಿ ಅಂತ ಹೇಳಿ ಹೊಕ್ಕಾರ."

ಅಪ್ಪ ನಕ್ಕ. "ಮನೀಗೊಂದ ಓಟ ಸಾಕು. ಒಂದ ಒಲೀಗೆ ಎರಡ ಹೊಗಿ ಯಾಕ?"

"ನಿಮ್ಮ ಹೊಗಿ ಒಂಬತ್ತ ವರ್ಷ ನೋಡೇನಿ. ಸಾಲೀದು ಒಂದರೆ ಗೋಡಿ ಎದ್ದೈತೇನು?"

ಓದು ಬರಹ ಬರುವ ಹೆಂಗಸು ಅಧಿಕಾರಿಯ ಎದುರಿಗೆ ತನ್ನ ಕೈಯಿಂದಲೇ ಅರ್ಜಿ ಬರೆದು ತೋರಿಸಿದರೆ ಸಾಕು, ಗಂಡನ ಕಂದಾಯದ ಹಂಗಿಲ್ಲ ಎಂದು ನಾನು ತಿಳಿದುಕೊಂಡು ಬಂದಿದ್ದೆ. ಅವ್ವನ ಹೆಸರನ್ನು ಪಟ್ಟಿಗೆ ಸೇರಿಸುವುದು ನನ್ನ ಕೆಲಸವೆಂದು ತೀರ್ಮಾನಿಸಿದೆ. ನನ್ನ ವಿದ್ಯೆಗೆ ಊರಲ್ಲಿ ಇದ್ದದ್ದು ಅದೊಂದೇ ಉಪಯೋಗ.

ಮೊದಲ ಸಲ ಅವ್ವನನ್ನು ಕರೆದುಕೊಂಡು ಹಾನಗಲ್ಲಿನ ಕಚೇರಿಗೆ ಹೋದಾಗ ಅಧಿಕಾರಿ ಫಿರತಿಯ ಮೇಲೆ ತಿಳವಳ್ಳಿಗೆ ಹೋಗಿದ್ದರು. ಅಂದರೆ ನಮ್ಮ ಮನೆಯ ಮುಂದಿನಿಂದಲೇ. ಎರಡನೆಯ ಸಲ ಅಚ್ಚಾದ ಅರ್ಜಿ ನಮೂನೆಗಳು ಮುಗಿದಿದ್ದವು. ಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸು. ಏರು ಬಂದರೆ ನಿಲ್ಲುತ್ತಿತ್ತು, ಗಂಡಸರು ಇಳಿದು ನೂಕುತ್ತಿದ್ದರು. ಅವ್ವ ಕಿಟಕಿಯಿಂದ ನೋಡುತ್ತ, "ಇವರೆಲ್ಲಾ ಓಟ ಇದ್ದವರು. ನೂಕ್ಲಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನಗೆ ನಗು ಬರಲಿಲ್ಲ. ಅರ್ಜಿಗಳನ್ನು ಕೊಡುವ ಗಡುವು ಹತ್ತಿರವಾಗಿತ್ತು.

ಆ ದಿನಗಳಲ್ಲಿ ಅಪ್ಪನ ತಂಗಿ, ಸವಣೂರಿಗೆ ಕೊಟ್ಟಿದ್ದ ಅತ್ತೆ, ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಸವಣೂರು ಆಗ ಸಂಸ್ಥಾನ. ಶಿಗ್ಗಾಂವಿಯ ಮಗ್ಗುಲಲ್ಲೇ ಇದ್ದರೂ ನಮ್ಮ ಕ್ಷೇತ್ರಕ್ಕೆ ಸೇರಿರಲಿಲ್ಲ. "ನಮ್ಮಲ್ಲೆ ನೋಡ ವೈನಿ, ಅರ್ಜೀನೂ ಇಲ್ಲ, ಓಟೂ ಇಲ್ಲ. ಎಲಿ ತಿಂದ ಸುಮ್ಮನ ಕುಂದ್ರೂದು" ಎಂದು ಅವ್ವನನ್ನು ಕೆಣಕಿದಳು. "ನಿನಗ ಕೊಡಂಗಿಲ್ಲಂತ ಹೇಳ್ಯಾರ, ನೀ ಕುಂತಿ" ಎಂದಳು ಅವ್ವ. "ನನಗ ಕೊಡ್ತೇವಿ ಅಂದಾರ. ನಾ ಹೆಂಗ ಕುಂದ್ರಲಿ?"

ಮೂರನೆಯ ಸಲ ಎಲ್ಲ ಕೂಡಿ ಬಂತು. ಅಧಿಕಾರಿ ಪುಣೆಯ ಕಡೆಯವರು. ಕನ್ನಡವನ್ನು ಎಚ್ಚರಿಕೆಯಿಂದ, ಸರಿಯಾಗಿ ಆಡುತ್ತಿದ್ದರು. ಅವ್ವನಿಗೆ ಕುರ್ಚಿ ಹಾಕಿಸಿದರು. ಮೇಜಿನ ಮೇಲೆ ಅರ್ಜಿ ಇಟ್ಟು, ಮೂರು ಸಾಲುಗಳನ್ನು ತೋರಿಸಿದರು: ಅರ್ಜಿದಾರಳ ಹೆಸರು, ಗಂಡನ ಹೆಸರು, ಊರು.

ಅವ್ವ ತನ್ನ ಹೆಸರು ಬರೆದಳು. ಅಕ್ಕಿ ಚೀಲದ ಮೇಲಿನಷ್ಟೇ ದೊಡ್ಡ ಅಕ್ಷರಗಳು, ಗೆರೆಯನ್ನು ದಾಟಿ ಮೇಲೂ ಕೆಳಗೂ ಚಾಚಿದವು. ಎರಡನೆಯ ಸಾಲಿಗೆ ಬಂದು ಲೇಖನಿ ಎತ್ತಿ ಹಿಡಿದು ಕುಳಿತಳು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಅಪ್ಪನ ಹೆಸರಿನ ದೇವರ ಗುಡಿಗೆ ಹೋಗುವಾಗಲೂ ಅವ್ವ "ಕೆರೀ ಮ್ಯಾಲಿನ ಗುಡಿ" ಎನ್ನುತ್ತಿದ್ದಳು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಬರೆಯುವುದಕ್ಕೂ ಅದು ತಗಲುತ್ತದೆ ಎಂದು ನನಗೆ ಹೊಳೆದಿರಲೇ ಇಲ್ಲ. ರಜೆ ರಜೆಗೂ ಅವಳಿಗೆ ಅಕ್ಷರ ತಿದ್ದಿಸಿದವಳು ನಾನು. ಆ ಒಂದು ಹೆಸರನ್ನು ಅವಳು ಒಮ್ಮೆಯೂ ಬರೆದಿಲ್ಲ ಎಂಬುದನ್ನು ಗಮನಿಸಿರಲಿಲ್ಲ.

"ಬರೀ ಅವ್ವಾ" ಎಂದೆ ಮೆಲ್ಲಗೆ.

"ತಡೀ."

"ಬರದ್ರ ಹೇಳಿದಂಗ ಆಗೂದಿಲ್ಲ. ಯಾರೂ ಕೇಳೂದಿಲ್ಲ."

"ತಡೀ ಅಂದ್ನೆಲ್ಲ."

ಹೊರಗೆ ಹಿರೇಕೆರೂರಿನ ದಾರಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಬಾಗಿಲಲ್ಲಿ ಇನ್ನೂ ಹತ್ತು ಜನ ನಿಂತಿದ್ದರು. ಅಧಿಕಾರಿ ಗಡಿಯಾರ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು, ಅವರು ಎದ್ದು ಹೋದರು. ಅವ್ವನ ತುಟಿಗಳು ಅಲುಗುತ್ತಿದ್ದವು. ದೇವರನ್ನು ನೆನೆಯುತ್ತಿದ್ದಾಳೆ ಎಂದುಕೊಂಡೆ. ಮೂರು ಸಲದ ಬಸ್ಸು, ಒಂಬತ್ತು ವರ್ಷದ ಹಂಬಲ, ಎಲ್ಲ ಈ ಒಂದು ಮಡಿವಂತಿಕೆಯ ಕಾಲಿಗೆ ಸಿಕ್ಕು ಚೂರಾಗುತ್ತಿದೆ ಎನ್ನಿಸಿ ನನಗೆ ಸಿಟ್ಟು ಬಂತು. ಅವಳ ಬೆರಳುಗಳಿಂದ ಲೇಖನಿ ತೆಗೆದುಕೊಂಡು ಎರಡನೆಯ ಸಾಲಿನಲ್ಲಿ ಅಪ್ಪನ ಹೆಸರನ್ನು ನಾನೇ ಬರೆದೆ. ಬರೆದು ಲೇಖನಿಯನ್ನು ಅವಳ ಕೈಗೆ ಮರಳಿಸಿದೆ.

ಅವ್ವ ಆ ಸಾಲನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಮೂರನೆಯ ಸಾಲಿನಲ್ಲಿ ಊರಿನ ಹೆಸರು ಬರೆದಳು.

ಅಧಿಕಾರಿ ಬಂದು ಕಾಗದ ಎತ್ತಿಕೊಂಡು ಓದಿದರು. ಸ್ವಲ್ಪ ಹೆಚ್ಚು ಹೊತ್ತೇ ಓದಿದರು. "ಆಯಿತು, ಹೋಗಿ ಬನ್ನಿ" ಎಂದರು.

ಉತ್ತರ ಬಂದದ್ದು ಗಡುವು ದಾಟಿದ ಮೇಲೆ. ಅರ್ಜಿಯಲ್ಲಿ ಎರಡು ಕೈಬರಹ ಇರುವುದರಿಂದ ತಿರಸ್ಕರಿಸಲಾಗಿದೆ ಎಂದು ಒಂದೇ ಸಾಲು. ಅದನ್ನು ಅವ್ವನೇ ನಿಧಾನವಾಗಿ ಓದಿಕೊಂಡಳು, ನನ್ನ ಸಹಾಯ ಕೇಳಲಿಲ್ಲ. ಆ ಅಧಿಕಾರಿಯ ಮೇಲೆ ಸಿಟ್ಟಾಗಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಕುರ್ಚಿ ಹಾಕಿಸಿದ ಮನುಷ್ಯ ಅವರು. ತಮ್ಮ ಕೆಲಸ ಮಾಡಿದ್ದರು.

ಅಪ್ಪ ತಮಾಷೆ ಮಾಡಿದ: "ನನ್ನ ಹೆಸರ ಅಷ್ಟ ಭಾರ ಐತೇನ? ದಿನಾ ಚೀಲ ಎತ್ತಾಕಿಗೆ ಎತ್ತಾಕ ಆಗಲಿಲ್ಲಲಾ."

"ಎತ್ತಾಕತ್ತಿದ್ನಿ" ಎಂದಳು ಅವ್ವ. "ನಿಮ್ಮ ಮಗಳ ಪುರಸೊತ್ತ ಕೊಡ್ಲಿಲ್ಲ."

ನಾನು ಅರ್ಥವಾಗದೆ ನೋಡಿದೆ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಲೇ ಹೇಳಿದಳು. ಮದುವೆ ಮನೆಯಲ್ಲಿ, ಶೋಭಾನದಲ್ಲಿ ಗಂಡನ ಹೆಸರು ಹೇಳು ಎಂದು ಪೀಡಿಸಿದಾಗ ಹೆಂಗಸರು ಒಡಪು ಕಟ್ಟಿ ಅದರ ಕೊನೆಗೆ ಹೆಸರು ಸೇರಿಸಿ ಹೇಳುವುದಿಲ್ಲವೆ? ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಒಡಪಿನಲ್ಲಿ ಬರೆದರೂ ಇರಲಾರದು ಎಂದು ಅವಳು ಯೋಚಿಸಿದ್ದಳು. ಕಚೇರಿಯಲ್ಲಿ ಕುಳಿತು ಕಟ್ಟುತ್ತಿದ್ದದ್ದು ಅದನ್ನೇ.

"ಏನಂತ ಕಟ್ಟಿದ್ದಿ?" ಎಂದು ಕೇಳಿದೆ.

ಅವ್ವ ಮೊರವನ್ನು ಕೆಳಗಿಟ್ಟು, ಮದುವೆ ಮನೆಯಲ್ಲಿ ಹೇಳುವ ದನಿಯಲ್ಲಿಯೇ ಹೇಳಿದಳು:

"ಅಕ್ಕಿ ಚೀಲದ ಮ್ಯಾಲ ಅಕ್ಷರ ತಿದ್ದೇನಿ, ಕಚೇರಿ ಬಾಗಲಾಗ ಕಾದ ನಿಂತೇನಿ, ಸರಕಾರ ಕೇಳೇತಂತ ಬರದ ಕೊಡತೇನಿ..."

ಕೊನೆಯಲ್ಲಿ ಅಪ್ಪನ ಹೆಸರು. ಅಪ್ಪ ಎದ್ದು ಹೊರಗೆ ಹೋದ. ಅವನ ಕಿವಿಗಳು ಕೆಂಪಾಗಿದ್ದವು.

ಆ ಸಣ್ಣ ಗೆರೆಯಲ್ಲಿ ಇಷ್ಟೆಲ್ಲ ಹಿಡಿಯುತ್ತಿರಲಿಲ್ಲ ಎಂದು ನಾನು ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅಧಿಕಾರಿ ನಗುತ್ತಿದ್ದರೋ ಏನೋ. ಆದರೆ ಅದು ಅವಳ ಕೈಬರಹವಾಗಿರುತ್ತಿತ್ತು, ಮೊದಲಿನಿಂದ ಕೊನೆಯವರೆಗೆ. ಬರೆಯಲು ಬರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಇನ್ನೊಂದು ಗಳಿಗೆ ಸುಮ್ಮನಿರಲು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ.

ನನ್ನ ಹೆಸರು ಮಾತ್ರ ಪಟ್ಟಿಯಲ್ಲಿತ್ತು. ಮತದಾನದ ದಿನ ಅವ್ವ ಇಳಕಲ್ಲ ಸೀರೆ ಉಟ್ಟು ನನ್ನ ಜೊತೆಗೇ ಗಾಡಿ ಹತ್ತಿದಳು. ಮತಗಟ್ಟೆ ಅಕ್ಕಿಆಲೂರಿನ ಗಂಡುಹುಡುಗರ ಶಾಲೆಯಲ್ಲಿತ್ತು. ಬಾಗಿಲಲ್ಲಿ ವಕೀಲರು ಕೈಮುಗಿದು ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವ್ವನನ್ನು ನೋಡಿ ಗುರುತು ಹಿಡಿದು, "ತಾಯೀ, ಆ ಹೋಳಿಗಿ ಜೈಲಿನಾಗೂ ನೆನಪಾಗ್ತಿತ್ತರಿ" ಎಂದರು. ಅವ್ವ ನನ್ನ ಕಡೆ ಒಂದು ಸಲ ನೋಡಿದಳು. ಅವಳು ಹೇಳಿದ್ದಂತೆಯೇ ಆಗಿತ್ತು. ಕೈಮುಗಿದು, ಬೇವಿನ ಗಿಡದ ನೆರಳಿಗೆ ಹೋಗಿ ಕುಳಿತಳು.

ನಾನು ಒಳಗೆ ಹೋಗಿ ನನ್ನ ಗುರುತು ಹಾಕಿ ಬಂದೆ. ಮರಳುವಾಗ ಗಾಡಿ ಊರ ಕೆರೆ ದಾಟಿತು. ಅವ್ವ ಕೇಳಿದಳು:

"ಯಾರಿಗೆ ಹಾಕಿದಿ?"

"ಅದನ್ನ ಹೇಳಬಾರದವ್ವಾ. ಗುಟ್ಟು. ಕಾಯದೆ ಐತಿ."

"ಮನೀಯವರ ಮುಂದೂ?"

"ಯಾರ ಮುಂದೂ."

ಅವ್ವ ಎತ್ತುಗಳ ಕೋಡಿನ ಕಡೆ ನೋಡಿದಳು. "ಹಂಗಾರ ನಿನಗೂ ಬಾಯಿಬಿಟ್ಟ ಹೇಳಬಾರದ ಹೆಸರ ಒಂದ ಸಿಕ್ತು" ಎಂದಳು. "ಈಗ ಗೊತ್ತಾತಿಲ್ಲೋ, ಯಾಕ ತಡೀ ಅಂದ್ನಿ ಅಂತ?"

ಈ ಪುಟಗಳನ್ನು ವಾಚನಾಲಯದವರು ತೆಗೆದುಕೊಳ್ಳುವುದಿಲ್ಲ. ಅವರಿಗೆ ಬೇಕಾದ ಮೂವರ ಚರಿತ್ರೆಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಹಾರಗಳ ಸಮೇತ. ಹೆಣ್ಣುಮಕ್ಕಳ ಶಾಲೆ ಇನ್ನೂ ಬಂದಿಲ್ಲ. ಹೊಸ ಪಟ್ಟಿ ಬರೆಯುವವರು ಬರುವ ವಾರ ನಮ್ಮ ಓಣಿಗೆ ಬರುತ್ತಾರಂತೆ. ಅಜ್ಜಿ ಈಗಿಲ್ಲ, ಅವ್ವನ ಹೆಸರು ಕೇಳಿದರೆ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಅವರು ಬಂದು ಹೋಗುವವರೆಗೆ ನಾನು ಹಿತ್ತಲಲ್ಲಿ ಇರುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೇನೆ.