ಮಹಾರಾಣಿಗೆ ಹೇಳಿದ ದೂರು

ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾಗಿ ಎಷ್ಟೋ ವರ್ಷವಾಗಿದ್ದರೂ ಎಲ್ಲರ ಬಾಯಲ್ಲೂ ಅವನು ಡ್ರೈವರ್ರೇ. ಮನೆಯ ಹಿಂದೆ ಅಂಗೈಯಗಲದ ಜಮೀನು, ಅದರ ಮೂಲೆಯಲ್ಲಿ ತಗಡಿನ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಒಂದು ಹಸು, ಎರಡು ಆಡು, ಹೇಳಿದ ಮಾತು ಕೇಳದ ಒಂದಿಷ್ಟು ಕೋಳಿ. ಇದೆಲ್ಲ ಹೆಂಡತಿಯ ಸಾಮ್ರಾಜ್ಯ. ಡ್ರೈವರ್ ಅಲ್ಲಿ ಸಂಬಳವಿಲ್ಲದ ಆಳು. ಮೇವು ಹೊರುವುದು, ಸಗಣಿ ಬಾಚುವುದು, ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೈರಿಗೆ ಹೋಗುವುದು ಅವನ ಪಾಲಿಗೆ ಬಂದ ಕೆಲಸಗಳು. ಕೆಚ್ಚಲಿನ ಹತ್ತಿರ ಮಾತ್ರ ಅವನನ್ನು ಬಿಟ್ಟುಕೊಂಡಿರಲಿಲ್ಲ. ಬಿಟ್ಟುಕೊಳ್ಳದಿದ್ದದ್ದು ಹೆಂಡತಿಯಲ್ಲ, ಹಸು. ಅದರ ಗತ್ತು ನೋಡಿಯೇ ಅವನು ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟಿದ್ದ.

ಒಂದು ದಿನ ಕೊಟ್ಟಿಗೆ ತೊಳೆಯುವಾಗ ಹೆಂಡತಿ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು.

ಸಂಜೆ ಡ್ರೈವರ್ ಬಕೆಟ್ ಹಿಡಿದು ಹೋದ. ಆಡುಗಳು ತಕರಾರಿಲ್ಲದೆ ಹಾಲು ಕೊಟ್ಟವು. ಮಹಾರಾಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಾಲು ಇಳಿಸದೆ ಏರಿಸಿಕೊಂಡು, ಬಕೆಟ್ಟಿಗೆ ಒದ್ದಿತು. ಹೆಂಡತಿಯ ಸ್ವೆಟರ್ ಹಾಕಿಕೊಂಡು ಹೋದರೆ ಮೋಸ ಹೋದೀತೆಂದು ಅದನ್ನೂ ತೊಟ್ಟು ನೋಡಿದ. ತೋಳು ಮೊಣಕೈಗೇ ನಿಂತಿತು, ಹೊಲಿಗೆ ಬಿಚ್ಚಿತು, ಹಾಲು ಮಾತ್ರ ಬರಲಿಲ್ಲ. ಪಕ್ಕದ ಮನೆಯವಳೂ ಬಂದು ಸೋತು ಹೋದಳು. ಮಾರನೆಯ ದಿನಕ್ಕೆ ಕೆಚ್ಚಲು ಬಿಗಿದು ಕೈ ಮುಟ್ಟಿದರೆ ಸುಡುತ್ತಿತ್ತು.

"ಹೀಗೇ ಬಿಟ್ರೆ ಬಾವು ಬರುತ್ತೆ, ಕೆಚ್ಚಲೇ ಹೋಗುತ್ತೆ," ಎಂದರು ದನದ ಡಾಕ್ಟರು. "ದಿನಾ ಇಂಜೆಕ್ಷನ್ ಕೊಟ್ಟು ಹಾಲು ಇಳಿಸೋಕಾಗಲ್ಲ. ಅಮ್ಮಾ, ನೀವು ಕರೆಯುವಾಗ ಏನು ಮಾಡ್ತೀರಿ?"

"ಏನೂ ಮಾಡಲ್ಲ. ಸುಮ್ನೆ ಮಾತಾಡ್ತಿರ್ತೀನಿ."

"ಏನು ಮಾತು?" ಎಂದು ಕೇಳಿದ ಡ್ರೈವರ್.

"ಏನೋ ಒಂದು. ನಿಮಗ್ಯಾಕೆ?"

ಡಾಕ್ಟರು ಹೋದಮೇಲೆ ಅವಳು ವಿಧಿಯಿಲ್ಲದೆ ಗೋದಲಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಡ್ರೈವರ್ ಬಿಸಿನೀರಿನಲ್ಲಿ ಕೆಚ್ಚಲು ತೊಳೆದು ಬಕೆಟ್ ಇಟ್ಟ. ಅವಳು ನೆಂಟರ ಮುಂದೆ ಮಾತಾಡುವ ದನಿಯಲ್ಲಿ ಬಿಸಿಲಿನ ವಿಷಯ ತೆಗೆದಳು. ಮಹಾರಾಣಿ ಅಲುಗಲಿಲ್ಲ. ಕೊನೆಗೆ ಅವಳಿಗೆ ರೇಗಿತು.

"ಆಯ್ತು ಕಣೇ, ಕೇಳು. ಈ ಮನುಷ್ಯ ಇವತ್ತೂ ಒದ್ದೆ ಟವಲ್ ಹಾಸಿಗೆ ಮೇಲೇ ಬಿಸಾಕಿದಾರೆ. ಹೇಳಿ ಹೇಳಿ ನನ್ನ ಬಾಯಿ ಸವೀತು."

ಹಸು ಕಿವಿ ಸಡಿಲ ಬಿಟ್ಟಿತು. ಹಾಲು ಸರ್‍ರೆಂದು ಇಳಿಯಿತು.

ಡ್ರೈವರ್ ಬಿದ್ದು ಬಿದ್ದು ನಕ್ಕ. ಇಷ್ಟು ವರ್ಷ ಮನೆಯ ಚಹಾಕ್ಕೆ ಬಿದ್ದ ಹಾಲೆಲ್ಲ ತನ್ನ ಮೇಲಿನ ದೂರಿನಿಂದ ಇಳಿದದ್ದು ಎಂದು ಅವನಿಗೆ ಆಗ ತಿಳಿಯಿತು. ಅಂದಿನಿಂದ ಎರಡೂ ಹೊತ್ತು ಅದೇ ಕ್ರಮ. ಅವಳು ತಲೆಯ ಹತ್ತಿರ ಕೂತು ಅವನ ಗೊರಕೆ, ಅವನ ಜಿಪುಣತನ, ನಾದಿನಿಯ ಮದುವೆಯಲ್ಲಿ ಅವನು ಮುಖ ಊದಿಸಿಕೊಂಡದ್ದು ಎಲ್ಲವನ್ನೂ ಬಿಚ್ಚಿ ಹರಡುವಳು. ಅವನು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಬಕೆಟ್ ತುಂಬಿಸುವನು. ಒಮ್ಮೆ ತಡೆಯಲಾರದೆ "ಅದು ಸುಳ್ಳು" ಎಂದು ಕೆಳಗಿನಿಂದ ಕೂಗಿದ್ದಕ್ಕೆ ಮಹಾರಾಣಿ ಕಾಲು ಝಾಡಿಸಿತು. ಆಮೇಲೆ ಬಾಯಿ ಮುಚ್ಚಿಕೊಂಡು ಕರೆಯುವುದನ್ನು ಕಲಿತ. ಕೆಚ್ಚಲಿನ ಬಿಸಿ ಇಳಿಯಿತು. ಬೈಗುಳ ತಿನ್ನುವುದರಲ್ಲಿ ಅವನಿಗೆ ಒಂದು ಬಗೆಯ ಖುಷಿಯೂ ಇತ್ತು, ಯಾಕೆಂದರೆ ಅವಳು ಅವನ ಎದುರಿಗೆ ಇಷ್ಟು ಮಾತಾಡಿದ್ದು ಮದುವೆಯಾದ ಹೊಸತರಲ್ಲಿ ಮಾತ್ರ.

ಒಂದು ಬೆಳಿಗ್ಗೆ ಬಕೆಟ್ ಅರ್ಧಕ್ಕೆ ಬಂದಿತ್ತು. ಅವಳು ಲಹರಿಯಲ್ಲಿದ್ದಳು.

"ಇವರಿಗೆ ಬಾಯಿ ಇರೋದು ಬಸ್ಸಲ್ಲಿ ಮಾತ್ರ ಕಣೇ. ಮನೆಗೆ ಬಂದ್ರೆ ಬೀಗ. ನಮ್ಮಪ್ಪ ಹೋದಾಗ್ಲೂ ಹಾಗೇ ಅಲ್ವಾ? ಸಂಜೇನೇ ಬಸ್‌ಸ್ಟ್ಯಾಂಡಿಗೆ ಫೋನ್ ಬಂದಿತ್ತು. ಮನೆಗೆ ಬಂದು ಉಂಡು ಮಲಗಿದ್ರು. ಬೆಳಿಗ್ಗೆ ಎಬ್ಬಿಸಿ ಹೇಳಿದ್ರು. ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅಪ್ಪನ ಮುಖ ನೋಡೋಕೂ ಸಿಗ್ಲಿಲ್ಲ."

ಟವಲ್ಲಿನ ವಿಷಯ ಹೇಳಿದ ದನಿಯಲ್ಲೇ ಇದನ್ನೂ ಹೇಳಿದಳು. ಹಸುವಿಗೆ ಅದೆಷ್ಟು ಸಲ ಹೇಳಿದ್ದಳೋ, ಕೆಳಗೆ ಕೂತವನು ಯಾರೆಂಬುದೇ ಅವಳಿಗೆ ಮರೆತುಹೋಗಿತ್ತು. ಡ್ರೈವರ್‌ನ ಕೈ ನಿಂತಿತು. ಸುದ್ದಿ ಬೆಳಿಗ್ಗೆಯಷ್ಟೇ ಬಂತೆಂದು ಅವಳು ನಂಬಿದ್ದಾಳೆ ಅಂತ ಅವನು ಇಷ್ಟು ಕಾಲ ನೆಮ್ಮದಿಯಾಗಿದ್ದ. ನಿಜ ಗೊತ್ತಿದ್ದದ್ದು ಅವನಿಗೂ ಅವನ ಬಸ್ಸಿನ ಕಂಡಕ್ಟರಿಗೂ ಮಾತ್ರ. ಕಂಡಕ್ಟರಿಗೂ ಒಬ್ಬ ಹೆಂಡತಿ ಇದ್ದಾಳೆಂಬುದು ಅವನ ತಲೆಗೆ ಹೊಳೆದಿರಲಿಲ್ಲ.

ಅವಳಿಗೂ ತಾನು ಆಡಿದ್ದು ಅರಿವಾಗಿ ಸುಮ್ಮನಾದಳು. ಮಾತು ನಿಂತದ್ದೇ ಮಹಾರಾಣಿ ಹಾಲು ಏರಿಸಿಕೊಂಡಿತು. ಕೆಚ್ಚಲಲ್ಲಿ ಅರ್ಧ ಹಾಲು ಹಾಗೇ ಇತ್ತು. ಯಾರಾದರೂ ಮಾತಾಡಲೇಬೇಕಿತ್ತು.

ಡ್ರೈವರ್ ಹಣೆ ಎತ್ತದೆ ಶುರುಮಾಡಿದ. "ಮಹಾರಾಣಿ, ಅವತ್ತು ನಾನು ಹೇಳ್ಬೇಕು ಅಂತಾನೇ ಮನೆಗೆ ಬಂದಿದ್ದು. ಆಡು ಮರಿ ಹಾಕಿತ್ತು. ಇವಳು ಎರಡು ಕಂಕುಳಲ್ಲೂ ಒಂದೊಂದು ಮರಿ ಇಟ್ಕೊಂಡು ಬಾಗಿಲಲ್ಲಿ ನಿಂತು ನಗ್ತಾ ಇದ್ಲು. ಊಟ ಆಗ್ಲಿ ಅಂದ್ಕೊಂಡೆ. ಆಮೇಲೆ ನಿದ್ದೆನಾದ್ರೂ ಮಾಡ್ಲಿ ಅಂದ್ಕೊಂಡೆ. ಎಲ್ಲಾ ಅವಳಿಗೋಸ್ಕರ ಅಂತ ನನಗೆ ನಾನೇ ಹೇಳ್ಕೊಂಡೆ. ಅಲ್ಲ. ನಂಗೇ ಧೈರ್ಯ ಇರ್ಲಿಲ್ಲ."

ಹಸು ಈ ದನಿಗೆ ಸೊಪ್ಪು ಹಾಕಲಿಲ್ಲ. ಒಂದು ತೊಟ್ಟೂ ಇಳಿಯಲಿಲ್ಲ.

"ಅದನ್ನ ಹಸುಗೆ ಯಾಕೆ ಹೇಳ್ತೀರಿ?" ಎಂದಳು ಹೆಂಡತಿ. "ಈ ಕಡೆ ತಿರುಗಿ ಹೇಳಿ."

ಅವನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ಅವಳ ಕಡೆ ತಿರುಗಿ, ಮೊದಲಿನಿಂದ ಹೇಳಿದ. ಅವಳು ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದಳು. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಅಷ್ಟು ನಗ್ತಿದ್ನಾ ನಾನು?"

"ಹೂಂ."

"ಆದ್ರೂ ಹೇಳ್ಬೇಕಿತ್ತು ರೀ."

"ಹೇಳ್ಬೇಕಿತ್ತು," ಎಂದ ಡ್ರೈವರ್. ಬೇರೆ ಸಬೂಬು ಹುಡುಕಲಿಲ್ಲ.